ದರ ಏರಿಲ್ಲ, ಬಿಲ್ಲು ಏರಿದೆ: ಬಿಬವೇವಾಡಿಯ ಟಿಪ್ಪಣಿಗಳು

ಪುಣೆ ಮಹಾನಗರಪಾಲಿಕೆ ಘರಪಟ್ಟಿಯ, ಅಂದರೆ ಮನೆ ತೆರಿಗೆಯ, ದರ ಏರಿಸಿರಲಿಲ್ಲ. ಆದರೂ ಬಿಬವೇವಾಡಿಯಲ್ಲಿ ಕೆಲವು ಮನೆಗಳಿಗೆ ಬಂದ ಬಿಲ್ಲು ಪಕ್ಕದ ಮನೆಯದ್ದಕ್ಕಿಂತ ಮುಕ್ಕಾಲು ಪಾಲು ಹೆಚ್ಚು. ಅದೇ ಮಹಡಿ, ಅದೇ ಅಳತೆ, ಅದೇ ನಲ್ಲಿ ನೀರು. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿದೆ. ಒಬ್ಬರು ‘ಸರ್ವೆಯವರ ಕಿತಾಪತಿ’ ಅಂದರು. ಇನ್ನೊಬ್ಬರು ‘ಹಳೇ ಬಾಕಿ ಸೇರಿಸಿರಬೇಕು’ ಅಂದರು. ಮೂರನೆಯವರು ಮಾತಾಡಲಿಲ್ಲ, ಮುಂಬೈ ದಿಕ್ಕಿಗೆ ಕೈ ತೋರಿಸಿದರು. ಕೈ ತೋರಿಸಿದವರೇ ಸರಿ.

1970ರಿಂದ ಪುಣೆಯಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಮಾಲೀಕರೇ ವಾಸವಿರುವ ಮನೆಯಾದರೆ, ತೆರಿಗೆಗೆ ಆಧಾರವಾಗುವ ವಾರ್ಷಿಕ ಬಾಡಿಗೆ ಮೌಲ್ಯದಲ್ಲಿ ಶೇ. 40ನ್ನು ಪಾಲಿಕೆ ಬಿಟ್ಟುಕೊಡುತ್ತಿತ್ತು. ದುರಸ್ತಿ ಖರ್ಚೆಂದು ಕಾಯ್ದೆ ಹೇಳುವುದು ಶೇ. 10, ಇಲ್ಲಿ ಶೇ. 15 ಕಳೆಯುತ್ತಿದ್ದರು. ಇದಕ್ಕೆಲ್ಲ ಕಾನೂನಿನ ಆಧಾರ ಎಲ್ಲಿದೆ ಎಂದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂತು. 2019ರಲ್ಲಿ ರಾಜ್ಯ ಸರ್ಕಾರ ಎರಡಕ್ಕೂ ಕತ್ತರಿ ಹಾಕಿತು.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಬಾಡಿಗೆ ಮೌಲ್ಯ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ 40 ಸಾವಿರ ಹೋಗಿ 60 ಸಾವಿರ, ಅದರಲ್ಲಿ ಶೇ. 15 ಕಳೆದರೆ 51,000. ಅದರ ಮೇಲೆ ತೆರಿಗೆ. ಕತ್ತರಿ ಬಿದ್ದ ಮೇಲೆ ಒಂದು ಲಕ್ಷದಲ್ಲಿ ಶೇ. 10 ಮಾತ್ರ ಹೋಗಿ 90,000. ದರದ ಪಟ್ಟಿಯಲ್ಲಿ ಒಂದು ಅಂಕಿಯೂ ಬದಲಾಗಿಲ್ಲ, ಬಿಲ್ಲು ಶೇ. 76ರಷ್ಟು ಏರಿತು. ದರ ಏರಿಸಿದ್ದರೆ ಸಭೆಯಲ್ಲಿ ಗದ್ದಲ ಆಗುತ್ತಿತ್ತು, ನಗರಸೇವಕರು ಮೇಜು ಗುದ್ದುತ್ತಿದ್ದರು. ಕಳೆಯುವ ಲೆಕ್ಕ ಬದಲಾದರೆ ಯಾರ ಕಿವಿಗೂ ಸದ್ದು ಬೀಳುವುದಿಲ್ಲ.

ಈ ಕತ್ತರಿ ಎಲ್ಲರ ಮೇಲೂ ಬೀಳಲಿಲ್ಲ. 2019ರ ಏಪ್ರಿಲ್ ನಂತರ ಪಾಲಿಕೆಯ ಪುಸ್ತಕಕ್ಕೆ ಸೇರಿದ ಹೊಸ ಫ್ಲ್ಯಾಟುಗಳು, ಜಿಐಎಸ್ ಸಮೀಕ್ಷೆಯಲ್ಲಿ ‘ಮಾಲೀಕರು ಇಲ್ಲಿಲ್ಲ’ ಎಂದು ಗುರುತಾದ ಹಳೆಯ ಫ್ಲ್ಯಾಟುಗಳು ಸಿಕ್ಕಿಬಿದ್ದವು. ಮಗಳ ಬಾಣಂತನಕ್ಕೆ ಬೆಳಗಾವಿಗೆ ಹೋದವರ ಮನೆಯ ಕೀಲಿಯೂ ಕೀಲಿಯೇ.

*

ರಿಯಾಯಿತಿ ಮರಳಿ ಬಂದದ್ದು 2023ರಲ್ಲಿ. ಆ ವರ್ಷದ ಮಾರ್ಚ್ ಮೊದಲ ವಾರ ಪುಣೆಯ ಕಸಬಾ ಪೇಟೆ ಉಪಚುನಾವಣೆಯ ಫಲಿತಾಂಶ ಬಂದಿತ್ತು. ಬಿಜೆಪಿಯ ಭದ್ರಕೋಟೆ ಎನ್ನಿಸಿಕೊಂಡಿದ್ದ ಕ್ಷೇತ್ರದಲ್ಲಿ ಕಾಂಗ್ರೆಸ್ ಗೆದ್ದಿತ್ತು. ಅದೇ ತಿಂಗಳು ರಿಯಾಯಿತಿಯ ಘೋಷಣೆ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ದೇವರೇ ಬಲ್ಲ, ನಾನು ದಿನಾಂಕಗಳನ್ನಷ್ಟೇ ಬರೆದಿಟ್ಟುಕೊಂಡಿದ್ದೇನೆ.

ಮರಳಿ ಬಂದದ್ದು ಶೇ. 40 ಮಾತ್ರ. ದುರಸ್ತಿಯ ಶೇ. 15 ಬರಲಿಲ್ಲ, ಅದು 10ಕ್ಕೇ ನಿಂತಿತು. ಒಂದು ಲಕ್ಷದ ಅದೇ ಲೆಕ್ಕದಲ್ಲಿ ಈಗ 54,000; ಹಿಂದೆ 51,000 ಇತ್ತು. ರಿಯಾಯಿತಿ ಬಂತೆಂದು ಪೇಢೆ ಹಂಚಿದವರ ಬಿಲ್ಲೂ ಹೆಚ್ಚುಕಡಿಮೆ ಶೇ. 6 ಏರಿದೆ. ಪೇಢೆ ಹಂಚುವಾಗ ಇದನ್ನು ಯಾರೂ ಹೇಳಲಿಲ್ಲ.

*

ಬಿಲ್ಲನ್ನು ಒಮ್ಮೆ ಸಾವಧಾನವಾಗಿ ಓದಬೇಕು. ಸಾಮಾನ್ಯ ಕರ, ಅಗ್ನಿಶಾಮಕ ಕರ, ರಸ್ತೆ ಕರ, ನೀರಿನ ಲಾಭದ ಕರ, ಒಳಚರಂಡಿ ಲಾಭದ ಕರ, ಸಫಾಯಿ ಕರ, ವೃಕ್ಷ ಕರ, ಪಾಲಿಕೆಯ ಶಿಕ್ಷಣ ಉಪಕರ, ಸರ್ಕಾರದ ಶಿಕ್ಷಣ ಕರ. ಮನೆ ದೊಡ್ಡದಿದ್ದರೆ ‘ದೊಡ್ಡ ನಿವಾಸಗಳ ಮೇಲಿನ ಕರ’ ಎಂದು 1979ರ ಒಂದು ಕಾಯ್ದೆಯ ಬಾಬ್ತು ಬೇರೆ. ವರ್ಷವನ್ನು ಎರಡು ಅರ್ಧ ಮಾಡಿ ಎರಡು ಕಾಲಂ. ಕೆಳಗೆ ಎಚ್ಚರಿಕೆ: ತಡವಾದರೆ ತಿಂಗಳಿಗೆ ಶೇ. 2 ದಂಡ. ವರ್ಷಕ್ಕೆ ಶೇ. 24 ಆಯಿತು. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಇದರ ಮೂರನೇ ಒಂದು ಪಾಲೂ ಸಿಗುವುದಿಲ್ಲ.

ವೃಕ್ಷ ಕರದ ಸಾಲಿನ ಮೇಲೆ ಬೆರಳಿಟ್ಟು ಬಾಲ್ಕನಿಯಿಂದ ಹೊರಗೆ ನೋಡಿದೆ. ಮಾಲೂ ಇದೆ, ಮೊಬೈಲ್ ಟವರೂ ಇದೆ. ಗುಡ್ಡದ ಕಡೆ ಮರ ಇವೆ, ಒಪ್ಪಬೇಕು.

ಬಾಕಿದಾರರ ಬಾಗಿಲಿಗೆ ಪಾಲಿಕೆಯವರು ಬ್ಯಾಂಡ್ ತಂದು ಬಾರಿಸುವುದು ಈ ಊರಿನ ಇನ್ನೊಂದು ವಿಶೇಷ. ಮದುವೆ ಅಂತ ತಿಳಿದು ಮಕ್ಕಳು ಓಡಿ ಬರುತ್ತಾರೆ. ಆಮೇಲೆ ಒಂದು ದಿನ ‘ಅಭಯ ಯೋಜನೆ’ ಪ್ರಕಟವಾಗುತ್ತದೆ. ಅದೇ ಬಾಕಿದಾರರ ದಂಡದಲ್ಲಿ ದೊಡ್ಡ ಪಾಲು ಮನ್ನಾ. ಗಡುವಿನೊಳಗೆ ಕಟ್ಟಿದವರಿಗೆ ಸಾಮಾನ್ಯ ಕರದಲ್ಲಿ ಶೇ. 5ರಿಂದ 10ರ ಸೂಟು (ರಿಯಾಯಿತಿ), ವರ್ಷಗಟ್ಟಲೆ ಕಟ್ಟದವರಿಗೆ ಅದಕ್ಕಿಂತ ದೊಡ್ಡ ಸೂಟು. ವೇಳೆಗೆ ಸರಿಯಾಗಿ ಕಟ್ಟುವವರು ಯಾಕೆ ಕಟ್ಟುತ್ತಾರೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ. ಅಭ್ಯಾಸಬಲ ಇರಬೇಕು.

*

ಮಾರ್ಕೆಟ್ ಯಾರ್ಡಿನ ಭುಸಾರ ವಿಭಾಗದಲ್ಲಿ ವಿಜಯಪುರ ಕಡೆಯ ಜೋಳ ಕೊಳ್ಳುವಾಗ ಅಡತಿ ಅಂಗಡಿಯ ಹಿರಿಯರು ನೆನಪು ಮಾಡಿಕೊಟ್ಟರು: ‘ಸಾಹೇಬ್ರ, ಮೊದಲ ಜಕಾತಿ ನಾಕಾ ಇತ್ತಲ್ಲ, ಅದರ ಮ್ಯಾಲೆ ಪುಣೆ ನಡೀತಿತ್ತು.’ ಹೌದು. 2013ರ ಏಪ್ರಿಲ್‌ನಲ್ಲಿ ಜಕಾತಿ ಹೋಗಿ ಎಲ್‌ಬಿಟಿ (ಸ್ಥಳೀಯ ಸಂಸ್ಥೆ ಕರ) ಬಂತು, ವ್ಯಾಪಾರಿಗಳು ಅಂಗಡಿ ಮುಚ್ಚಿ ಬೀದಿಗಿಳಿದರು. 2015ರ ಆಗಸ್ಟ್‌ನಲ್ಲಿ ಅದೂ ಬಹುಪಾಲು ಹೋಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಪಾಲಿಕೆ ತಿಂಗಳ ಅನುದಾನಕ್ಕೆ ರಾಜ್ಯದ ಮುಂದೆ ಕೈ ಒಡ್ಡಬೇಕಾಯಿತು. ತನ್ನ ಕೈಯಿಂದಲೇ ವಸೂಲಿ ಮಾಡಬಲ್ಲ ದೊಡ್ಡ ಬಾಬ್ತು ಎಂದು ಉಳಿದದ್ದು ಘರಪಟ್ಟಿ ಮತ್ತು ಕಟ್ಟಡ ಪರವಾನಗಿಯ ಶುಲ್ಕ. ಒಂದು, ಇರುವ ಮನೆಯ ಮೇಲೆ. ಇನ್ನೊಂದು, ಇರುವ ಮನೆಯನ್ನು ಕೆಡವಿ ಕಟ್ಟುವುದರ ಮೇಲೆ.

ಹಳ್ಳಿಗಳನ್ನು ಸೇರಿಸಿಕೊಂಡದ್ದರಲ್ಲೂ ಈ ಲೆಕ್ಕ ಇದ್ದೀತು. 2017ರಲ್ಲಿ 11, 2021ರಲ್ಲಿ 23. ಅಲ್ಲಿನವರಿಗೆ ರಸ್ತೆ, ನೀರು ಬರುವ ಮೊದಲು ಬಿಲ್ಲು ಬಂತು ಎಂಬ ದೂರು. ಉರುಳಿ ದೇವಾಚಿ, ಫುರಸುಂಗಿ 2024ರಲ್ಲಿ ಹೊರಗೆ ಹೋಗಿ ತಮ್ಮದೇ ನಗರಪರಿಷತ್ತು ಮಾಡಿಕೊಂಡವು.

*

ಪಕ್ಕದ ಸೊಸೈಟಿ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ಎಂಬತ್ತರ ದಶಕದ ನಾಲ್ಕು ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲ ಗೋಡೆಯಲ್ಲಿ ಕಬ್ಬಿಣ ಇಣುಕುತ್ತಿದೆ. ಸಭೆಗೆ ನನ್ನನ್ನೂ ಕರೆದಿದ್ದರು, ಕನ್ನಡದ ಎರಡು ಮನೆಯವರಿಗೆ ಮರಾಠಿ ಕರಾರು ಪತ್ರ ಓದಿ ಹೇಳಲಿ ಎಂದು.

ಗೋಡೆಗೆ ನಕ್ಷೆ ಅಂಟಿಸಿದ್ದರು. ಬಿಲ್ಡರ್ ಕಡೆಯ ಹುಡುಗ ಲೇಸರ್ ಕಡ್ಡಿಯ ಕೆಂಪು ಚುಕ್ಕೆಯನ್ನು ಅದರ ಮೇಲೆ ಓಡಾಡಿಸುತ್ತ ಎಲ್ಲವನ್ನೂ ಹೇಳಿದ: ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚು, ಕಾರ್ಪಸ್ (ಇಡಿಗಂಟು) ಎಷ್ಟು, ಕಟ್ಟುವತನಕ ಬಾಡಿಗೆ ಎಷ್ಟು, ಪಾರ್ಕಿಂಗ್ ಎಲ್ಲಿ. ಸಹಕಾರ ಕಾಯ್ದೆಯ 79-ಎ ಅಡಿ 2019ರ ಜುಲೈ 4ರ ಆದೇಶದ ಪ್ರಕಾರ ಈಗ ಶೇ. 51ರ ಒಪ್ಪಿಗೆ ಸಾಕು, 2009ರ ನಿಯಮದಲ್ಲಿ ಶೇ. 75 ಬೇಕಿತ್ತು ಎಂದೂ ಹೇಳಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ‘ಹಾಗಾದ್ರ ಉಳಿದ ನಲವತ್ತೊಂಬತ್ತು ಮಂದಿ ಎಲ್ಲಿ ಹೋಗಬೇಕು’ ಎಂದು ಕನ್ನಡದಲ್ಲೇ ಕೇಳಿದರು. ನಾನು ಅನುವಾದಿಸಿದೆ. ಹುಡುಗ ನಕ್ಕ.

ಹೊಸ ಮನೆಯ ಘರಪಟ್ಟಿ ಎಷ್ಟಾಗಬಹುದು? ನಾನೇ ಕೇಳಿದೆ. ‘ಅದು ಪಜೇಶನ್ ಆದ ಮೇಲಿನ ಮಾತು, ಕಾಕಾ.’

ಅಲ್ಲ, ಈಗಲೇ ಆಡಬೇಕಾದ ಮಾತು. ಪುಣೆಯಲ್ಲಿ ಹಳೆಯ ಮನೆಯ ಬಾಡಿಗೆ ಮೌಲ್ಯ, ಅದು ಮೊದಲ ಸಲ ಪಾಲಿಕೆಯ ಪುಸ್ತಕ ಸೇರಿದ ಕಾಲದ ದರದಲ್ಲೇ ಬಹುಮಟ್ಟಿಗೆ ನಿಂತಿರುತ್ತದೆ. 1985ರ ಕಟ್ಟಡಕ್ಕೆ 1985ರ ಆಸುಪಾಸಿನ ದರ. ಅದನ್ನು ಕೆಡವಿ ಕಟ್ಟಿದ ಕೂಡಲೇ ಇಂದಿನ ದರ. ಅಳತೆಯೂ ಹೆಚ್ಚು, ದರವೂ ಹೆಚ್ಚು. ಅದೇ ಅಜ್ಜಿ, ಅದೇ ಸರ್ವೆ ನಂಬರು, ಅದೇ ಪಿಂಚಣಿ. ಬಿಲ್ಲು ಮಾತ್ರ ಹಲವು ಪಟ್ಟು. ಮೇಲೆ ಲಿಫ್ಟು, ಜನರೇಟರು, ವಾಚ್‌ಮನ್ನು, ಈಜುಕೊಳ ಇದ್ದರೆ ಅದರ ಮೇಂಟೆನನ್ಸು. ಬಿಲ್ಡರ್ ಕೊಡುವ ಕಾರ್ಪಸ್ ಎಷ್ಟು ವರ್ಷ ಈ ಭಾರ ಹೊರುತ್ತದೆ ಎಂಬ ಲೆಕ್ಕ ನಕ್ಷೆಯ ಯಾವ ಮೂಲೆಯಲ್ಲೂ ಇರಲಿಲ್ಲ.

*

ಇಷ್ಟು ಕಾರ್ಪೆಟ್ ಹೆಚ್ಚು ಕೊಟ್ಟು ಬಿಲ್ಡರ್ ಲಾಭ ಹೇಗೆ ಮಾಡುತ್ತಾನೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಕಾತ್ರಜ್–ಕೊಂಢವಾ ರಸ್ತೆ.

ನಮ್ಮ ದಕ್ಷಿಣಕ್ಕಿರುವ ರಸ್ತೆ ಅದು. ರಾಜಸ್ ಸೊಸೈಟಿ ಚೌಕದಿಂದ ಖಡಿ ಮಷಿನ್ ಚೌಕದವರೆಗೆ ಮೂರೂವರೆ ಕಿಲೋಮೀಟರು. ಸೊಲ್ಲಾಪುರ, ಸಾತಾರಾ ಹೆದ್ದಾರಿಗಳ ನಡುವಿನ ಲಾರಿಗಳೆಲ್ಲ ಇಲ್ಲೇ ನುಗ್ಗುತ್ತವೆ. 84 ಮೀಟರ್ ಅಗಲ ಮಾಡುವುದೆಂದು 2018ರಲ್ಲಿ ಭೂಮಿಪೂಜೆ ಆಯಿತು. ಪೂಜೆಗೆ ಬೇಕಾದಷ್ಟು ಭೂಮಿ ಇತ್ತು, ರಸ್ತೆಗೆ ಇರಲಿಲ್ಲ. ಮಾಲೀಕರು ರೊಕ್ಕ ಕೇಳಿದರು, ಪಾಲಿಕೆಯ ಬಳಿ ಇದ್ದದ್ದು ಟಿಡಿಆರ್, ಅಂದರೆ ಬೇರೆ ಕಡೆ ಕಟ್ಟಿಕೊಳ್ಳುವ ಹಕ್ಕಿನ ಕಾಗದ. ಕೊನೆಗೆ ಸದ್ಯಕ್ಕೆ 50 ಮೀಟರ್ ಸಾಕು ಎಂದು ಇಳಿದರು, ಭೂಸ್ವಾಧೀನಕ್ಕೆಂದು ರಾಜ್ಯ ಸರ್ಕಾರ 200 ಕೋಟಿ ಕೊಡುವುದಾಗಿ ಹೇಳಿತು.

ನಗರ ಭೂಮಿ ಕೊಳ್ಳುವ ಬಗೆ ಮೂರು. 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 126ನೇ ಕಲಮಿನಲ್ಲಿ ಮೂರೂ ಇವೆ: ಮಾತುಕತೆಯಾಗಿ ನಗದು, ಇಲ್ಲವೇ ಎಫ್‌ಎಸ್‌ಐ (ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ) ಅಥವಾ ಟಿಡಿಆರ್, ಅದೂ ಆಗದಿದ್ದರೆ ಭೂಸ್ವಾಧೀನ ಕಾಯ್ದೆ. 2013ರ ಕಾಯ್ದೆ ಬಂದ ಮೇಲೆ ಮೂರನೆಯದು ನಗರದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು ಬೀಳುತ್ತದೆ. ಆದ್ದರಿಂದ ಎರಡನೆಯದೇ ಪಾಲಿಕೆಗೆ ಅಚ್ಚುಮೆಚ್ಚು. ಅದು ಊರಿನ ಕಿರಾಣಿ ಅಂಗಡಿಯ ಉದ್ರಿ ಚೀಟಿಯಂತೆ: ಗಲ್ಲಾಪೆಟ್ಟಿಗೆಯಿಂದ ಒಂದು ಪೈಸೆ ಹೋಗುವುದಿಲ್ಲ. 2016ರ ಜನವರಿಯ ನಿಯಮದ ಪ್ರಕಾರ ಬಿಟ್ಟುಕೊಟ್ಟ ಒಂದು ಚದರ ಮೀಟರ್ ಜಾಗಕ್ಕೆ ಎರಡು ಚದರ ಮೀಟರಿನ ಹಕ್ಕು. ಜಾಗ ಕೊಟ್ಟವನು ಅದನ್ನು ಬಿಲ್ಡರಿಗೆ ಮಾರುತ್ತಾನೆ. ಬಿಲ್ಡರ್ ಅದನ್ನು ಇನ್ನೊಂದು ಬಡಾವಣೆಯ ಕಟ್ಟಡದ ಮೇಲೆ ಏರಿಸುತ್ತಾನೆ. ಎಷ್ಟು ಏರಿಸಬಹುದು ಎಂಬುದು ಎರಡೂ ಕಡೆಯ ರೆಡಿ ರೆಕನರ್ ದರದ (ಸರ್ಕಾರ ನಿಗದಿ ಮಾಡುವ ಬೆಲೆಯ) ಅನುಪಾತದಂತೆ.

ಅಂದರೆ ರಸ್ತೆಯ ಜಾಗದ ಬೆಲೆ ತೆತ್ತದ್ದು ಪಾಲಿಕೆಯಲ್ಲ, ಹೊಸ ಮಹಡಿಯ ಫ್ಲ್ಯಾಟ್ ಕೊಂಡವರು. ಅವರ ಕಾರುಗಳನ್ನು ಹೊರುವುದು ಹಳೇ ಬಡಾವಣೆಯ ಹಳೇ ರಸ್ತೆ, ಅವರ ನೀರನ್ನು ಹೊರುವುದು ಹಳೇ ಪೈಪು. ಆ ರಸ್ತೆ ಇಕ್ಕಟ್ಟಾದಾಗ ಮತ್ತೆ ಅಗಲ ಮಾಡಬೇಕು. ಅಗಲ ಮಾಡಲು ಮತ್ತೆ ಟಿಡಿಆರ್. ಇದನ್ನು ಯೋಚಿಸಿದವರು ಬುದ್ಧಿವಂತರು, ಸಂಶಯವಿಲ್ಲ.

*

ಟಿಡಿಆರ್ ಏರಿಸಲು ಕಟ್ಟಡದ ಮುಂದಿನ ರಸ್ತೆ ಕನಿಷ್ಠ 9 ಮೀಟರ್ ಇರಬೇಕು. ಹಳೇ ಸೊಸೈಟಿಗಳ ಬಹಳಷ್ಟು ಓಣಿಗಳು 6 ಮೀಟರಿನವು. 2020ರಲ್ಲಿ ಪಾಲಿಕೆಯ ಸ್ಥಾಯಿ ಸಮಿತಿ 6 ಮೀಟರಿನ 323 ರಸ್ತೆಗಳನ್ನು 9 ಮೀಟರ್ ಮಾಡುತ್ತೇವೆ ಎಂದಿತು. ವಾಹನ ಹೆಚ್ಚಾಗಿದ್ದಕ್ಕಲ್ಲ, ಮಹಡಿ ಹೆಚ್ಚಲಿ ಎಂದು. ಗದ್ದಲವಾಗಿ ರಾಜ್ಯ ಸರ್ಕಾರ ಮಧ್ಯೆ ಬಂತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಮಾಷೆ ಎನ್ನಿಸಿದ ಅಧ್ಯಾಯ ಇದೊಂದೇ. ರಸ್ತೆ ಇರುವುದು ಎಫ್‌ಎಸ್‌ಐ ಓಡಾಡಲಿಕ್ಕೆ.

*

ಗಂಗಾಧಾಮದ ಇಳಿಜಾರಿನ ಕೆಳಗೆ, ಏಳುತ್ತಿರುವ ಒಂದು ಕಟ್ಟಡದ ಮುಂದೆ ತಗಡಿನ ಶೆಡ್ಡುಗಳು. ಸಂಜೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಿಂತೆ.

‘ಯಾವೂರಪ್ಪಾ?’

‘ಸುರಪುರ ತಾಲೂಕ್ರೀ ಅಣ್ಣಾರ.’

‘ಎಷ್ಟು ಮಾಳಿಗಿ ಇದು?’

‘ಹನ್ನೊಂದ್ರೀ. ಮದಲ ನಾಕ ಇತ್ತು. ಅದನ್ನ ಕೆಡವಿದವರೂ ನಾವ.’

ಅವರ ಹೊಲದಲ್ಲಿ ಸ್ವಲ್ಪ ನಾರಾಯಣಪುರದ ಕೆನಾಲಿಗೆ ಹೋಗಿತ್ತಂತೆ. ‘ರೊಕ್ಕ ಬರೂದರಾಗ ಅಪ್ಪ ಮುದುಕ ಆಗಿದ್ದ್ರೀ’ ಅಂದರು. ಇಲ್ಲಿ ರೊಕ್ಕದ ಬದಲು ಕಾಗದ ಕೊಡುತ್ತಾರೆ ಎಂದೆ. ಅವರು ಸುಣ್ಣದ ಡಬ್ಬಿ ಮುಚ್ಚಿ, ತಂಬಾಕು ತಿಕ್ಕುತ್ತ ಸ್ವಲ್ಪ ಹೊತ್ತು ಯೋಚಿಸಿದರು.

‘ಆ ಕಾಗದ ಎಲ್ಲಿ ನಡೀತದ್ರೀ?’

ಕತ್ತೆತ್ತಿ ಹನ್ನೊಂದನೆಯ ಸ್ಲ್ಯಾಬಿನ ಕಡೆ ತೋರಿಸಿದೆ. ‘ಹಂಗಾದ್ರ ಚಲೋ ಅದ ಬಿಡ್ರಿ, ನಮಗ ಕೆಲಸ ಸಿಕ್ತಲ್ಲ’ ಅಂದರು. ಈ ಊರಿನ ಪುನರ್‌ನಿರ್ಮಾಣದಲ್ಲಿ ಗೊಂದಲವಿಲ್ಲದೆ ಮಾತಾಡಿದವರು ನನಗೆ ಸಿಕ್ಕಿದ್ದು ಇವರೊಬ್ಬರೇ.

*

ಬೆಂಗಳೂರಿನಿಂದ ಭಾವನ ಫೋನು. ಅವರಲ್ಲಿ ತಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ, ಸ್ವಂತ ವಾಸದ ಮನೆಗೆ ಬಾಡಿಗೆ ಮನೆಯ ಅರ್ಧ ದರ. ‘ನಿಮ್ಮಲ್ಲಿ ನೂರಕ್ಕೆ ಅರವತ್ತು, ನಮ್ಮಲ್ಲಿ ಐವತ್ತು’ ಎಂದು ಹೆಮ್ಮೆ ಪಟ್ಟರು. ಟಿಡಿಆರ್ ಮಾತು ತೆಗೆದಾಗ ದನಿ ಇಳಿಯಿತು. ರಾಜಮನೆತನದವರು ಹಕ್ಕು ಹೇಳುವ ಅರಮನೆ ಮೈದಾನದ 15 ಎಕರೆಗೆ ಮಿಕ್ಕ ಜಾಗ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆ ಅಗಲ ಮಾಡಲು ಬೇಕಾಗಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ಟಿಡಿಆರ್ ಕೊಟ್ಟರೆ ಅದರ ಮೌಲ್ಯ ಮೂರು ಸಾವಿರ ಕೋಟಿಗೂ ಹೆಚ್ಚು ಎಂದು ಸರ್ಕಾರ ಬೆಚ್ಚಿತು; 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೊರೆ ಹೋಯಿತು. ಕಾಗದ ಕೊಡುವಾಗ ಪುಕ್ಕಟೆ ಎನ್ನಿಸಿದ್ದು ಬೆಲೆ ಕಟ್ಟಿದಾಗ ಹಾಗಿರುವುದಿಲ್ಲ. ರಾಜಮನೆತನದವರಿಗೆ ಸುಪ್ರೀಂ ಕೋರ್ಟಿನ ತನಕ ಹೋಗುವ ಶಕ್ತಿ ಇತ್ತು. ಕೊಂಢವಾ ರಸ್ತೆಯ ಬದಿಯ ನಾಲ್ಕು ಗುಂಟೆಯವನಿಗೆ?

*

ಆ ನಾಲ್ಕು ಗುಂಟೆಯವನ ಬಗ್ಗೆ ಇನ್ನೊಂದು ಮಾತು. ವಿಕಾಸ ಯೋಜನೆಯ ನಕ್ಷೆಯಲ್ಲಿ ಅವನ ಜಾಗದ ಮೇಲೆ ಉದ್ಯಾನವೋ ಶಾಲೆಯೋ ರಸ್ತೆಯೋ ಎಂದು ಬಣ್ಣ ಬಿತ್ತೆಂದರೆ ತನಗೆ ಬೇಕಾದಂತೆ ಕಟ್ಟುವ ಹಾಗಿಲ್ಲ, ಕೊಳ್ಳುವವರೂ ಸಿಗುವುದಿಲ್ಲ. ಪುಣೆಯ ಹಿಂದಿನ ಯೋಜನೆ 1987ರದು, ಅದರ ಪರಿಷ್ಕರಣೆಗೆ ಮಂಜೂರಾತಿ ಸಿಕ್ಕಿದ್ದು 2017ರ ಜನವರಿಯಲ್ಲಿ. ಅದೇ 1966ರ ಕಾಯ್ದೆಯ 127ನೇ ಕಲಮಿನ ಪ್ರಕಾರ, ಯೋಜನೆ ಜಾರಿಯಾಗಿ ಹತ್ತು ವರ್ಷ ಕಳೆದರೂ ಜಾಗ ತೆಗೆದುಕೊಳ್ಳದಿದ್ದರೆ ಮಾಲೀಕ ನೋಟಿಸು ಕೊಡಬಹುದು. ಆಮೇಲೂ 24 ತಿಂಗಳು ಕಾಯಬೇಕು. ಆಗಲೂ ಪಾಲಿಕೆ ಮಿಸುಕದಿದ್ದರೆ ಮೀಸಲು ರದ್ದು.

ಹನ್ನೆರಡು ವರ್ಷ. ಅಷ್ಟು ಕಾಲ ಜಾಗ ಹಿಡಿದಿಟ್ಟಿದ್ದಕ್ಕೆ ಪಾಲಿಕೆ ಕೊಡಬೇಕಾದ ದಂಡ ಸೊನ್ನೆ. ನಾನು ಘರಪಟ್ಟಿ ತಡಮಾಡಿದರೆ ತಿಂಗಳಿಗೆ ಶೇ. 2.

ಬೆಲೆಯಲ್ಲೂ ಎರಡು ತಕ್ಕಡಿ. ಮಾರಾಟ ಪತ್ರಕ್ಕೆ ಮುದ್ರಾಂಕ ಕಟ್ಟುವಾಗ ರೆಡಿ ರೆಕನರ್; 2025ರ ಏಪ್ರಿಲ್ 1ರಿಂದ ಅದು ಪುಣೆಯಲ್ಲಿ ಸರಾಸರಿ ಶೇ. 4ರಷ್ಟು, ನಮ್ಮ ಜನ ತುಂಬಿರುವ ಸೊಲ್ಲಾಪುರದಲ್ಲಿ ಶೇ. 10ರಷ್ಟು ಏರಿತು. 2022ರಿಂದ ಪುಣೆಯಲ್ಲಿ ಅದರ ಜೊತೆಗೆ ಶೇ. 1 ಮೆಟ್ರೊ ಉಪಕರ. ಘರಪಟ್ಟಿಗೆ ಮಾತ್ರ ರೆಕನರ್ ಅಲ್ಲ, ಬಾಡಿಗೆ ಮೌಲ್ಯ. ಒಂದೇ ಮನೆಗೆ ಸರ್ಕಾರದ ಬಳಿ ಎರಡು ಬೆಲೆ ಇವೆ. ಯಾವುದನ್ನು ಯಾವಾಗ ತೆಗೆಯಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು.

*

ಸ್ವಾರಗೇಟ್–ಕಾತ್ರಜ್ ಸುರಂಗ ಮೆಟ್ರೊಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು: 5.46 ಕಿ.ಮೀ., 2,954 ಕೋಟಿ, ಮಾರ್ಕೆಟ್ ಯಾರ್ಡ್, ಪದ್ಮಾವತಿ, ಕಾತ್ರಜ್ ಎಂದು ಮೂರು ನಿಲ್ದಾಣ. 2025ರಲ್ಲಿ ಬಾಲಾಜಿನಗರ ಮತ್ತು ಬಿಬವೇವಾಡಿಯ ನಿಲ್ದಾಣಗಳಿಗೂ ರಾಜ್ಯ ಒಪ್ಪಿತು. ನಿಲ್ದಾಣದ ಸುತ್ತ 500 ಮೀಟರಿನಲ್ಲಿ 4ರವರೆಗೆ ಎಫ್‌ಎಸ್‌ಐ ಸಿಗಬಹುದು. ಸುರಂಗ ತೋಡುವ ಮೊದಲೇ ಬ್ರೋಕರುಗಳು ಹೆಜ್ಜೆಯಲ್ಲಿ ದೂರ ಅಳೆಯುತ್ತಿದ್ದಾರೆ. ಇನ್ನು ತೆರಿಗೆಯ ಮಾತು: ಮುಂಬೈಯಲ್ಲಿ 500 ಚದರಡಿಯೊಳಗಿನ ಮನೆಗಳಿಗೆ 2022ರಲ್ಲಿ ಘರಪಟ್ಟಿಯನ್ನೇ ಮಾಫಿ ಮಾಡಿದರು. ಪುಣೆಯವರಿಗೆ ಅದರ ಭರವಸೆ ಚುನಾವಣೆ ಬಂದಾಗ ಕೇಳಿಸುತ್ತದೆ.

ಬಿಬವೇವಾಡಿ, ಧನಕವಡಿ, ಕೊಂಢವಾ ಕಡೆಯ ಕನ್ನಡ ಮನೆಗಳವರಿಗೆ ನನ್ನದೊಂದು ವಿನಂತಿ. ರಿಡೆವಲಪ್‌ಮೆಂಟಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಹೊಸ ಮನೆಯ ಘರಪಟ್ಟಿ, ಮೇಂಟೆನನ್ಸು ಎರಡರ ಅಂದಾಜನ್ನೂ ಬರವಣಿಗೆಯಲ್ಲಿ ಕೇಳಿ. ಕಾರ್ಪಸ್ ಮೊತ್ತವನ್ನು ಆಮೇಲೆ ನೋಡಿ. 2019ರ ಏಪ್ರಿಲ್ ನಂತರದ ಫ್ಲ್ಯಾಟಿನಲ್ಲಿ ಸ್ವಂತ ವಾಸವಿದ್ದರೆ, ಬಿಲ್ಲಿನಲ್ಲಿ ಶೇ. 40 ಕಳೆದಿದ್ದಾರೋ ಇಲ್ಲವೋ ಒಮ್ಮೆ ನೋಡಿ. ಕಳೆದಿಲ್ಲವಾದರೆ ಪಿಟಿ-3 ಅರ್ಜಿ ತುಂಬಿ, ಸೊಸೈಟಿಯ ಪತ್ರ ಮತ್ತು ವಾಸದ ಪುರಾವೆ ಜೋಡಿಸಿ ವಾರ್ಡ್ ಕಚೇರಿಗೆ ಕೊಟ್ಟು, ಪೋಚ್ ಪಾವತಿ (ಸ್ವೀಕೃತಿ ಚೀಟಿ) ತೆಗೆದಿಟ್ಟುಕೊಳ್ಳಿ.